ಡಾರ್ಕ್ ಎನರ್ಜಿ ಬದಲಾಗುತ್ತಿದೆಯಾ? ನಾನೇ ಲೆಕ್ಕ ಹಾಕಿ ನೋಡಿದೆ

ಪ್ಯಾಂಥಿಯಾನ್ ಪ್ಲಸ್ ಅನ್ನೋ ಸೂಪರ್‌ನೋವಾ (ಸ್ಫೋಟಿಸುವ ನಕ್ಷತ್ರ) ಡೇಟಾವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿರೋದು 1,550 ಸೂಪರ್‌ನೋವಾಗಳ 1,701 ಲೈಟ್ ಕರ್ವ್‌ಗಳು, ಅಂದರೆ ಹೊಳಪು ದಿನ ಕಳೆದಂತೆ ಬದಲಾದ ದಾಖಲೆಗಳು. ಬೇರೆಯವರ ಗ್ರಾಫ್ ನೋಡಿ ನೋಡಿ ಸಾಕಾಗಿ, ವಿಶ್ವದ ಹಿಗ್ಗುವಿಕೆಯನ್ನು ವೇಗಗೊಳಿಸುತ್ತಿರುವ ಡಾರ್ಕ್ ಎನರ್ಜಿಯ ಮಾದರಿಗಳನ್ನು ಒಮ್ಮೆ ನಾನೇ ಪರೀಕ್ಷಿಸೋಣ ಅಂತ ಕೂತೆ.

ಪ್ರಶ್ನೆ ಚಿಕ್ಕದು. ಡಾರ್ಕ್ ಎನರ್ಜಿಯ ಒತ್ತಡವನ್ನು ಅದರ ಸಾಂದ್ರತೆಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಡಬ್ಲ್ಯೂ ಅಂತಾರೆ. ಐನ್‌ಸ್ಟೈನ್ ತಂದ ಕಾಸ್ಮಾಲಜಿಕಲ್ ಸ್ಥಿರಾಂಕವೇ ನಿಜವಾದರೆ ಡಬ್ಲ್ಯೂ ಯಾವಾಗಲೂ -1. ಕಾಲದ ಜೊತೆ ಅದು ಬದಲಾದರೆ ಕಥೆಯೇ ಬೇರೆ.

ದೂರ ಲೆಕ್ಕ ಹಾಕುವ ಕೋಡ್ ಬೇಗ ಮುಗಿಯಿತು. ಆದರೆ ರಾತ್ರಿಯೆಲ್ಲ ಓಡಿದರೂ ಎಂಸಿಎಂಸಿ ಚೈನ್ (ಡೇಟಾಗೆ ಹೊಂದುವ ಬೆಲೆಗಳನ್ನು ಹೆಜ್ಜೆ ಹೆಜ್ಜೆಯಾಗಿ ಹುಡುಕುವ ವಿಧಾನ) ಒಂದು ಕಡೆ ನಿಲ್ಲಲಿಲ್ಲ. ವಿಶ್ವ ಈಗ ಹಿಗ್ಗುವ ವೇಗವನ್ನು ಹೇಳುವ ಹಬಲ್ ಸ್ಥಿರಾಂಕ ಸುಮ್ನೆ ಅಲೆಯುತ್ತಿತ್ತು. ಪ್ಲಾಟ್ ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ಹಬಲ್ ಸ್ಥಿರಾಂಕ ಏರಿದಾಗಲೆಲ್ಲ ಸೂಪರ್‌ನೋವಾಗಳ ನಿಜವಾದ ಹೊಳಪು ಇಳಿಯುತ್ತಿತ್ತು. ಸ್ಥಿರಾಂಕ ಜಾಸ್ತಿ ಅಂದರೆ ದೂರ ಕಡಿಮೆ. ಹತ್ತಿರವಿದ್ದೂ ಅಷ್ಟೇ ಮಸುಕಾಗಿ ಕಾಣಬೇಕಾದರೆ ಅವು ಮೂಲದಲ್ಲೇ ಮಂದವಾಗಿರಬೇಕು, ಅಲ್ವಾ? ಸೂಪರ್‌ನೋವಾ ಡೇಟಾ ಒಂದರಿಂದಲೇ ಇವೆರಡನ್ನು ಬಿಡಿಸಲು ಆಗುವುದಿಲ್ಲ. ಎರಡನ್ನೂ ಸೇರಿಸಿ ಒಂದೇ ಸಂಖ್ಯೆ ಮಾಡಿದೆ. ಚೈನ್ ಒಂದು ಕಡೆ ನಿಂತಿತು.

ನನಗೆ ಜಾಸ್ತಿ ದಿನ ಹಿಡಿದದ್ದು ಕೋವೇರಿಯನ್ಸ್ ಮ್ಯಾಟ್ರಿಕ್ಸ್, ಅಂದರೆ ಯಾವ ಅಳತೆಯ ದೋಷ ಎಷ್ಟು, ಯಾವುದರ ಜೊತೆ ಸೇರಿದೆ ಅನ್ನೋ ಕೋಷ್ಟಕ. ಆ ಫೈಲ್‌ನ ಮೊದಲ ಸಾಲು 1701. ಅದರ ಕೆಳಗೆ ಒಂದರ ಕೆಳಗೊಂದು 28,93,401 ಸಂಖ್ಯೆಗಳು. ಒಂದು ಟೆಲಿಸ್ಕೋಪಿನ ಅಳತೆ ಚೂರು ತಪ್ಪಿದರೆ ಅದು ನೋಡಿದ ಸೂಪರ್‌ನೋವಾಗಳೆಲ್ಲ ಒಟ್ಟಿಗೆ ಸರಿಯುತ್ತವೆ. ಆ ನಂಟು ಇರುವುದು ಈ ಸಂಖ್ಯೆಗಳಲ್ಲಿ. 0.01ಕ್ಕಿಂತ ಕಡಿಮೆ ರೆಡ್‌ಶಿಫ್ಟ್ (ವಿಶ್ವ ಹಿಗ್ಗಿದ್ದರಿಂದ ಬೆಳಕು ಕೆಂಪಿನ ಕಡೆ ಸರಿದ ಅಳತೆ) ಇರುವವನ್ನು ಬಿಡಬೇಕು, ಏಕೆಂದರೆ ಅಷ್ಟು ಹತ್ತಿರದಲ್ಲಿ ಗ್ಯಾಲಕ್ಸಿಗಳ ಸ್ವಂತ ಓಡಾಟ ಲೆಕ್ಕ ಕೆಡಿಸುತ್ತದೆ. ಬಿಟ್ಟರೆ ಉಳಿಯುವುದು 1,590. ಪಟ್ಟಿಯಿಂದ ಆ 111ನ್ನು ಸರಿಯಾಗಿಯೇ ತೆಗೆದೆ. ಮ್ಯಾಟ್ರಿಕ್ಸ್‌ನಲ್ಲಿ ಮಾತ್ರ ಮೊದಲ 1,590 ಸಾಲು, 1,590 ಕಾಲಂ ಇಟ್ಟುಕೊಂಡು ಕೊನೆಯವನ್ನು ಕತ್ತರಿಸಿದ್ದೆ. ಅಳತೆ ಹೊಂದುತ್ತಿತ್ತು, ಕೋಡ್ ದೂರಲಿಲ್ಲ. ಒಂದು ಸೂಪರ್‌ನೋವಾದ ದೋಷ ಇನ್ನೊಂದರ ತಲೆಗೆ ಬಿದ್ದಿತ್ತು.

ಹಿಡಿದುಕೊಟ್ಟದ್ದು ಹುಸಿ ಡೇಟಾ. ಡಬ್ಲ್ಯೂ -1 ಅಂತಿಟ್ಟು, ಪೂರ್ತಿ ಮ್ಯಾಟ್ರಿಕ್ಸ್‌ನಿಂದ 1,701 ಹುಸಿ ಸೂಪರ್‌ನೋವಾ ಹುಟ್ಟಿಸಿ ಅದೇ ಕೋಡ್‌ಗೆ ಕೊಟ್ಟೆ. ಕೈ ಸ್ಕ್ವೇರ್ (ಮಾದರಿಗೂ ಡೇಟಾಗೂ ಎಷ್ಟು ಅಂತರ ಅನ್ನೋ ಲೆಕ್ಕ) 1,590ರ ಆಸುಪಾಸು ಬರಬೇಕಿತ್ತು, ಎಲ್ಲೋ ಹೋಗಿತ್ತು. ಸರಿಪಡಿಸಿದ ಮೇಲೆ ನಿಜ ಡೇಟಾದಲ್ಲಿ, ಡಬ್ಲ್ಯೂ -1 ಅಂತಿಟ್ಟಾಗ, ವಿಶ್ವದಲ್ಲಿ ದ್ರವ್ಯದ (ಮ್ಯಾಟರ್) ಪಾಲು 0.33 ಬಂತು. ಪ್ಯಾಂಥಿಯಾನ್ ಪ್ಲಸ್ ತಂಡ ಪ್ರಕಟಿಸಿದ್ದು 0.334, ದೋಷ 0.018. ಆ ಸಂಜೆಯ ಸಮಾಧಾನ ಇನ್ನೂ ನೆನಪಿದೆ.

ಆಮೇಲೆ ಡಬ್ಲ್ಯೂ ಬದಲಾಗಲು ಬಿಟ್ಟೆ. ಈಗಿನ ಬೆಲೆಗೆ ಒಂದು ಸಂಖ್ಯೆ, ಬದಲಾವಣೆಗೆ ಇನ್ನೊಂದು. ಸೂಪರ್‌ನೋವಾ ಮಾತ್ರ ಇದ್ದಾಗ ಉತ್ತರ ಗ್ರಾಫ್‌ನಲ್ಲಿ ಉದ್ದಕ್ಕೆ ಹರಡಿಕೊಂಡಿತು, ಏನೂ ತೀರ್ಮಾನವಾಗಲಿಲ್ಲ. 2025ರ ಮಾರ್ಚ್‌ನಲ್ಲಿ, ಗ್ಯಾಲಕ್ಸಿಗಳ ನಕ್ಷೆ ಮಾಡುವ ಡೆಸಿ ತಂಡ 1.4 ಕೋಟಿಗೂ ಜಾಸ್ತಿ ಗ್ಯಾಲಕ್ಸಿ, ಕ್ವೇಸಾರ್‌ಗಳಿಂದ ತೆಗೆದ ಅಳತೆ ಬಿಟ್ಟಿತು. ಅದನ್ನೂ, ಬಿಗ್ ಬ್ಯಾಂಗ್‌ನಿಂದ ಉಳಿದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಡೇಟಾವನ್ನೂ ಸೇರಿಸಿದೆ. ಆ ಹರವು ಕುಗ್ಗಿತು, -1ರಿಂದ ದೂರ ಸರಿಯಿತು. ಡೆಸಿ ತಂಡಕ್ಕೂ ಇದೇ ಜೋಡಣೆಯಲ್ಲಿ 2.8 ಸಿಗ್ಮಾ ಬಂದಿದೆ (ಸಿಗ್ಮಾ ಹೆಚ್ಚಾದಷ್ಟೂ ಇದು ಬರೀ ಆಕಸ್ಮಿಕ ಆಗಿರುವ ಸಾಧ್ಯತೆ ಕಡಿಮೆ). ಸೂಪರ್‌ನೋವಾ ಪಟ್ಟಿ ಬದಲಿಸಿ ಯೂನಿಯನ್3 ಹಾಕಿದಾಗ ಅವರಿಗೆ 3.8, ಡಾರ್ಕ್ ಎನರ್ಜಿ ಸರ್ವೇಯದ್ದು ಹಾಕಿದಾಗ 4.2 ಬಂದಿತ್ತು.

ನನ್ನನ್ನು ಕಾಡುವುದು ಇದೇ. ಗ್ಯಾಲಕ್ಸಿಗಳು ಅವೇ, ಪ್ಲಾಂಕ್ ಅದೇ, ಸೂಪರ್‌ನೋವಾ ಪಟ್ಟಿಯೊಂದು ಬದಲಾದರೆ ಇಷ್ಟು ವ್ಯತ್ಯಾಸ. ಡಬ್ಲ್ಯೂ -1 ಅಂತ ಹಿಡಿದರೆ ಡೆಸಿ ಒಂದೇ ಹೇಳುವ ದ್ರವ್ಯದ ಪಾಲು 0.297, ಸೂಪರ್‌ನೋವಾ ಹೇಳುವುದು 0.33. ಬದಲಾಗುವ ಡಬ್ಲ್ಯೂ ಈ ಜಗಳವನ್ನು ಬಿಡಿಸುತ್ತದೆ, ನಿಜ. ಜಗಳ ಪ್ರಕೃತಿಯದ್ದಾ, ಅಳತೆಯದ್ದಾ ಅನ್ನೋದು ಬೇರೆ ಮಾತು. ಹತ್ತಿರದ ಸೂಪರ್‌ನೋವಾಗಳು ಹಲವು ಹಳೆಯ ಸರ್ವೇಗಳಿಂದ ಬಂದವು. ಅದಕ್ಕೇ 0.1ಕ್ಕಿಂತ ಕಡಿಮೆ ರೆಡ್‌ಶಿಫ್ಟ್‌ನವನ್ನೆಲ್ಲ ಬಿಟ್ಟು ಮತ್ತೆ ಓಡಿಸುತ್ತಿದ್ದೇನೆ. ಈ ಸಲ ಮ್ಯಾಟ್ರಿಕ್ಸ್‌ನ ಸಾಲು, ಕಾಲಂ ಎರಡನ್ನೂ ಪಟ್ಟಿಯ ಜೊತೆ ಹೋಲಿಸಿಯೇ ಕತ್ತರಿಸಿದ್ದೇನೆ.