ಐಸ್ ಹಾಕಿ ಗುಂಪು ಹಂತ: ಪಾಯಿಂಟ್ಸ್ ಟೇಬಲ್ ನೀವೇ ಹಾಕುವುದು ಹೇಗೆ?

ಐಪಿಎಲ್ ಪಾಯಿಂಟ್ಸ್ ಟೇಬಲನ್ನು ಅರೆದು ಕುಡಿದವರೇ ಐಸ್ ಹಾಕಿ ಟೇಬಲ್ ಮುಂದೆ ಎಡವುವುದು ಜಾಸ್ತಿ. 2024ರ ಮೇ 18ರ ರಾತ್ರಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿ ಪ್ಲೇಆಫ್‌ಗೆ ಹೋಗಿದ್ದು ನೆನಪಿದೆಯಲ್ವಾ? ಎರಡೂ ತಂಡಕ್ಕೆ 14 ಪಾಯಿಂಟ್. ಬರೀ ಗೆದ್ದರೆ ಸಾಲದು, 18 ರನ್ ಅಂತರವಾದರೂ ಬೇಕಿತ್ತು. ಆವತ್ತು ಊರಿಗೆ ಊರೇ ನೆಟ್ ರನ್ ರೇಟ್ ಲೆಕ್ಕ ಹಾಕುತ್ತಾ ಕೂತಿತ್ತು. ಪಾಯಿಂಟ್ ಸಮ ಆದರೆ ಇಡೀ ಟೂರ್ನಿಯ ಅಂತರ ನೋಡಬೇಕು ಅನ್ನುವುದು ನಮಗೆ ರಕ್ತಗತ ಆಗಿಬಿಟ್ಟಿದೆ. ಐಸ್ ಹಾಕಿಯಲ್ಲಿ ಮೊದಲ ಪ್ರಶ್ನೆಯೇ ಬೇರೆ: ನೀವಿಬ್ಬರೂ ಎದುರುಬದುರಾದಾಗ ಗೆದ್ದಿದ್ದು ಯಾರು?

ಬೆಂಗಳೂರಿನಲ್ಲಿ ಐಸ್ ಹಾಕಿ ಯಾರಿಗೆ ಬೇಕು ಅಂತ ಕೇಳಬೇಡಿ. ಫಿನ್ಲೆಂಡ್, ಸ್ವೀಡನ್, ಸ್ವಿಟ್ಜರ್ಲೆಂಡ್ ಕ್ಲೈಂಟ್‌ಗಳ ಜತೆ ಕೆಲಸ ಮಾಡುವವರು ಇಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ಮೇ ತಿಂಗಳಲ್ಲಿ ವಿಶ್ವ ಚಾಂಪಿಯನ್‌ಷಿಪ್ ಬಂತೆಂದರೆ ಸೋಮವಾರದ ಕಾಲ್ ಶುರುವಾಗುವುದೇ ಹಾಕಿ ಮಾತಿನಿಂದ. ಆಫೀಸ್ ಗ್ರೂಪ್‌ಗಳಲ್ಲಿ ಎಕ್ಸೆಲ್ ಶೀಟ್ ಓಡಾಡುತ್ತವೆ. ಮೊದಲ ವಾರ ಎಲ್ಲವೂ ಸರಿ. ಕೊನೆಯ ದಿನ ಮಾತ್ರ ಹತ್ತರಲ್ಲಿ ಎಂಟು ಶೀಟ್ ತಪ್ಪು ಉತ್ತರ ಕೊಡುತ್ತವೆ.

ಹಂತ 1: ಟೂರ್ನಿಯ ಆಕಾರ

ಪುರುಷರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 16 ತಂಡ, ಎಂಟೆಂಟರ ಎರಡು ಗುಂಪು. ಪ್ರತಿ ತಂಡಕ್ಕೂ ಗುಂಪಿನಲ್ಲಿ 7 ಪಂದ್ಯ. ಮೊದಲ ನಾಲ್ಕು ತಂಡ ಕ್ವಾರ್ಟರ್ ಫೈನಲ್‌ಗೆ. ಕೊನೆಯದು ಮುಂದಿನ ವರ್ಷ ಕೆಳಗಿನ ಡಿವಿಷನ್‌ಗೆ.

ಹಂತ 2: ನಿದ್ದೆ ಲೆಕ್ಕ

2026ರ ಆತಿಥ್ಯ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್ ಮತ್ತು ಫ್ರಿಬೂರ್ ನಗರಗಳದ್ದು. ಮೇ ತಿಂಗಳಲ್ಲಿ ಅಲ್ಲಿಗೂ ನಮಗೂ ಮೂರೂವರೆ ಗಂಟೆ ಅಂತರ. ಅಲ್ಲಿನ ಸಂಜೆ 4.20ರ ಪಂದ್ಯ ನಮಗೆ ರಾತ್ರಿ 7.50ಕ್ಕೆ, 8.20ರದ್ದು 11.50ಕ್ಕೆ. ತಲಾ 20 ನಿಮಿಷದ ಮೂರು ಅವಧಿ, ನಡುವೆ ಎರಡು ವಿರಾಮ. 11.50ರ ಪಂದ್ಯ ಮುಗಿಯುವಾಗ ಎರಡು ಗಂಟೆ ದಾಟಿರುತ್ತದೆ. ದಿನಾ ಅದನ್ನು ನೋಡಿ ಬೆಳಿಗ್ಗೆ ಸಿಲ್ಕ್ ಬೋರ್ಡ್ ದಾಟುವ ಸಾಹಸ ಬೇಡ. 7.50ರ ಪಂದ್ಯ ನೋಡಿ, ಇನ್ನೊಂದರ ಸ್ಕೋರನ್ನು ಬೆಳಿಗ್ಗೆ ಕಾಫಿ ಜತೆ ಬರೆದುಕೊಳ್ಳಿ. ಗುಂಪು ಹಂತದ ಕೊನೆಯ ದಿನ ಮಾತ್ರ ಎಚ್ಚರವಿರಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಂತ 3: ಚೌಕ ಹಾಕಿ, ಪಟ್ಟಿ ಬೇಡ

ಒಂದು ದೊಡ್ಡ ಡ್ರಾಯಿಂಗ್ ಶೀಟ್, ಪೆನ್ಸಿಲ್, ಸ್ಕೇಲ್ ಸಾಕು. ಕ್ರೀಡಾ ಟೂರ್ನಿಗೆಂದು ರೆಡಿಮೇಡ್ ಚಾರ್ಟ್‌ಗಳು ಸಿಗುತ್ತವೆ, ಅವನ್ನು ಮಾತ್ರ ಕೊಳ್ಳಬೇಡಿ. ಬಹುಪಾಲು ಫುಟ್‌ಬಾಲ್‌ಗೆ ಮಾಡಿದವು, 'ಡ್ರಾ' ಅಂತ ಒಂದು ಕಾಲಂ ಇರುತ್ತದೆ. ಇಲ್ಲಿ ಡ್ರಾ ಎಂಬುದೇ ಇಲ್ಲ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವ ಎಕ್ಸೆಲ್ ಟೆಂಪ್ಲೇಟ್‌ಗಳೂ ಅಷ್ಟೇ. ನೋಡಲು ಚೆಂದ, ಒಳಗಿನ ಫಾರ್ಮುಲಾ ಫುಟ್‌ಬಾಲ್‌ನದು.

ಎಡಗಡೆ ಮೇಲಿಂದ ಕೆಳಗೆ ಎಂಟು ತಂಡ, ಮೇಲುಗಡೆ ಅಡ್ಡಕ್ಕೆ ಅದೇ ಎಂಟು ತಂಡ. ತನ್ನ ಎದುರು ತಾನೇ ಬರುವ ಮನೆಗಳನ್ನು ಕಪ್ಪು ಮಾಡಿ. ಪ್ರತಿ ಪಂದ್ಯವನ್ನೂ ಎರಡು ಕಡೆ ಬರೆಯಬೇಕು. ಫಿನ್ಲೆಂಡ್ ಸಾಲಿನಲ್ಲಿ 4-2 ಎಂದಿದ್ದರೆ ಎದುರಾಳಿಯ ಸಾಲಿನಲ್ಲಿ 2-4. ಇದು ಎರಡು ಪಟ್ಟು ಕೆಲಸ ಅನಿಸಬಹುದು. ಆದರೆ ಕೊನೆಯ ದಿನ ನಿಮಗೆ ಬೇಕಾಗುವುದೇ 'ಯಾರು ಯಾರಿಗೆ ಸೋತರು' ಎಂಬ ಮಾಹಿತಿ. ಗೆಲುವು, ಸೋಲು, ಗೋಲು ಅಂತ ಕೂಡಿಸಿಟ್ಟ ಪಟ್ಟಿಯಲ್ಲಿ ಅದು ಸಿಗುವುದಿಲ್ಲ.

ಹಂತ 4: ಪಾಯಿಂಟ್ ಹಂಚುವುದು

60 ನಿಮಿಷದಲ್ಲೇ ಗೆದ್ದರೆ 3 ಪಾಯಿಂಟ್, ಸೋತವರಿಗೆ ಸೊನ್ನೆ. ಸ್ಕೋರ್ ಸಮ ಆದರೆ ಹೆಚ್ಚುವರಿ ಆಟ: ಒಂದೊಂದು ಕಡೆ ಮೂರೇ ಆಟಗಾರರು ಮತ್ತು ಗೋಲ್‌ಕೀಪರ್, ಐದು ನಿಮಿಷ, ಮೊದಲು ಗೋಲು ಹೊಡೆದವರು ಗೆದ್ದರು. ಅದರಲ್ಲೂ ಇತ್ಯರ್ಥ ಆಗದಿದ್ದರೆ ಶೂಟೌಟ್, ಅಂದರೆ ಒಬ್ಬೊಬ್ಬ ಆಟಗಾರ ಒಂಟಿಯಾಗಿ ಎದುರಾಳಿ ಗೋಲ್‌ಕೀಪರ್ ಮುಂದೆ ಬಂದು ಗೋಲಿಗೆ ಯತ್ನಿಸುವುದು. ಹೀಗೆ ಗೆದ್ದವರಿಗೆ 2, ಸೋತವರಿಗೆ 1.

ಆ ಒಂದು ಪಾಯಿಂಟನ್ನು ಕಡೆಗಣಿಸಬೇಡಿ. 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಲಾಟ್ವಿಯಾದ ರಿಗಾದಲ್ಲಿ, ಕೆನಡಾ ಮೊದಲ ಮೂರೂ ಪಂದ್ಯ ಸೋತಿತ್ತು. ಲಾಟ್ವಿಯಾ ಎದುರು 0-2, ಅಮೆರಿಕ ಎದುರು 1-5, ಜರ್ಮನಿ ಎದುರು 1-3. ಆಮೇಲೆ ಮೂರು ಗೆದ್ದು, ಕೊನೆಯ ಪಂದ್ಯದಲ್ಲಿ ಫಿನ್ಲೆಂಡ್‌ಗೆ ಶೂಟೌಟ್‌ನಲ್ಲಿ ಸೋತು ಒಂದು ಪಾಯಿಂಟ್ ಪಡೆಯಿತು. ಅಷ್ಟಾದರೂ ಮುಂದೆ ಹೋಗುವುದು ತನ್ನ ಕೈಯಲ್ಲಿರಲಿಲ್ಲ. ಜರ್ಮನಿ–ಲಾಟ್ವಿಯಾ ಪಂದ್ಯವನ್ನು ಬಾಯಿಬಿಟ್ಟು ನೋಡುತ್ತಾ ಕೂರಬೇಕಾಯಿತು. ಅದು ಹೆಚ್ಚುವರಿ ಆಟಕ್ಕೆ ಹೋಗಿದ್ದರೆ ಇಬ್ಬರಿಗೂ ಪಾಯಿಂಟ್ ಸಿಕ್ಕಿ ಕೆನಡಾ ಹೊರಬೀಳುತ್ತಿತ್ತು. ಜರ್ಮನಿ 60 ನಿಮಿಷದೊಳಗೇ 2-1ರಿಂದ ಗೆದ್ದಿತು, ಕೆನಡಾ ನಾಲ್ಕನೆಯದಾಗಿ ತೂರಿಕೊಂಡಿತು. ಕೊನೆಗೆ ಅದೇ ಫಿನ್ಲೆಂಡನ್ನು ಫೈನಲ್‌ನಲ್ಲಿ ಹೆಚ್ಚುವರಿ ಆಟದಲ್ಲಿ 3-2ರಿಂದ ಸೋಲಿಸಿ ಚಿನ್ನ ಹೊತ್ತೊಯ್ದಿತು.

ಅಮೆರಿಕ–ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ನೋಡಿ ಅಭ್ಯಾಸ ಇರುವವರು ಇಲ್ಲಿ ಇನ್ನೊಂದು ಎಡವಟ್ಟು ಮಾಡುತ್ತಾರೆ. ಅಲ್ಲಿ ಹೇಗೆ ಗೆದ್ದರೂ 2 ಪಾಯಿಂಟೇ. ಆ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಹಂತ 5: ಶೂಟೌಟ್ ಸ್ಕೋರ್ ಬರೆಯುವುದು

ಪಂದ್ಯ 2-2 ಆಗಿ, ಶೂಟೌಟ್‌ನಲ್ಲಿ ಒಂದು ತಂಡ ಮೂರು, ಇನ್ನೊಂದು ಒಂದು ಹೊಡೆಯಿತು ಅಂದುಕೊಳ್ಳಿ. ಚೌಕದಲ್ಲಿ ಏನು ಬರೆಯುತ್ತೀರಿ? 5-3 ಬರೆದವರನ್ನು ನೋಡಿದ್ದೇನೆ. 2-2 ಬರೆದು ಕೈತೊಳೆದುಕೊಂಡವರನ್ನೂ ನೋಡಿದ್ದೇನೆ. ಸರಿಯಾದದ್ದು 3-2. ಶೂಟೌಟ್‌ನಲ್ಲಿ ಎಷ್ಟೇ ಹೊಡೆಯಲಿ, ಗೆದ್ದ ತಂಡಕ್ಕೆ ಸೇರುವುದು ಒಂದೇ ಗೋಲು. ಪಕ್ಕದಲ್ಲಿ ಸಣ್ಣದಾಗಿ 'ಶೂ' ಅಂತ ಗುರುತು ಹಾಕಿ, ಹೆಚ್ಚುವರಿ ಆಟದ ಗೆಲುವಿಗೆ 'ಹೆ'. ಈ ಗುರುತು ಮರೆತರೆ ಆಮೇಲೆ 3 ಕೊಡಬೇಕೋ 2 ಕೊಡಬೇಕೋ ಗೊತ್ತಾಗದೆ ತಲೆ ಕೆರೆದುಕೊಳ್ಳುತ್ತೀರಿ.

ಹಂತ 6: 84ರ ತಾಳೆ

ಪಂದ್ಯ ಹೇಗೇ ಮುಗಿಯಲಿ, ಹಂಚಿಹೋಗುವುದು ಮೂರೇ ಪಾಯಿಂಟ್: ಮೂರು–ಸೊನ್ನೆ ಅಥವಾ ಎರಡು–ಒಂದು. ಹಾಗಾಗಿ ಗುಂಪಿನ ಎಲ್ಲರ ಪಾಯಿಂಟ್ ಕೂಡಿಸಿದರೆ ಆಡಿದ ಪಂದ್ಯಗಳ ಮೂರರಷ್ಟಿರಬೇಕು. ಹತ್ತು ಪಂದ್ಯಕ್ಕೆ 30, ಎಲ್ಲ 28 ಮುಗಿದಾಗ 84. ದಿನಾ ಮಲಗುವ ಮುಂಚೆ ಕೂಡಿಸಿ. ಜಾಸ್ತಿ ಬಂದರೆ ಯಾವುದೋ ಹೆಚ್ಚುವರಿ ಆಟದ ಗೆಲುವಿಗೆ 3 ಕೊಟ್ಟಿರುತ್ತೀರಿ. ಗೋಲಿಗೂ ಇದೇ ಉಪಾಯ: ಎಲ್ಲರೂ ಹೊಡೆದ ಗೋಲು, ಎಲ್ಲರೂ ಬಿಟ್ಟುಕೊಟ್ಟ ಗೋಲು, ಎರಡರ ಮೊತ್ತವೂ ಒಂದೇ ಇರಬೇಕು.

ಹಂತ 7: ಪಾಯಿಂಟ್ ಸಮ ಆದಾಗ

ಇಲ್ಲಿ ನಿಧಾನ ಮಾಡಿ. ಕಾಫಿ ಇನ್ನೊಂದು ಲೋಟ ತಂದುಕೊಳ್ಳಿ.

ಎರಡೇ ತಂಡ ಸಮ ಇದ್ದರೆ ಕೆಲಸ ಸುಲಭ. ಅವರಿಬ್ಬರ ಪಂದ್ಯ ಗೆದ್ದವರು ಮೇಲೆ. ಡ್ರಾ ಇಲ್ಲದ್ದರಿಂದ ಉತ್ತರ ಸಿಕ್ಕೇ ಸಿಗುತ್ತದೆ. ಶೂಟೌಟ್‌ನಲ್ಲಿ ಗೆದ್ದಿದ್ದರೂ ಗೆಲುವೇ.

ಮೂರು ಅಥವಾ ಹೆಚ್ಚು ತಂಡ ಸಮ ಆದರೆ ಆ ತಂಡಗಳನ್ನು ಮಾತ್ರ ತೆಗೆದು ಬೇರೆ ಹಾಳೆಯಲ್ಲಿ ಪುಟ್ಟ ಟೇಬಲ್ ಹಾಕಿ. ಉಳಿದ ತಂಡಗಳ ಎದುರಿನ ಫಲಿತಾಂಶ ಸದ್ಯಕ್ಕೆ ಲೆಕ್ಕಕ್ಕಿಲ್ಲ. ಪುಟ್ಟ ಟೇಬಲ್‌ನಲ್ಲಿ ಮೊದಲು ಪಾಯಿಂಟ್ ನೋಡಿ, ಆಮೇಲೆ ಗೋಲಿನ ವ್ಯತ್ಯಾಸ, ಆಮೇಲೆ ಹೊಡೆದ ಗೋಲು. ಮೂರೂ ಆ ಪುಟ್ಟ ಟೇಬಲ್‌ನೊಳಗಿನವೇ.

ಉದಾಹರಣೆಗೆ ನಮ್ಮೂರ ಹೆಸರುಗಳನ್ನೇ ಇಟ್ಟುಕೊಳ್ಳೋಣ. ಮಲ್ಲೇಶ್ವರ, ಜಯನಗರ, ಬಸವನಗುಡಿ ಮೂರಕ್ಕೂ 12 ಪಾಯಿಂಟ್. ಮಲ್ಲೇಶ್ವರ ಜಯನಗರವನ್ನು 4-1ರಿಂದ ಸೋಲಿಸಿದೆ. ಬಸವನಗುಡಿ ಮಲ್ಲೇಶ್ವರವನ್ನು 2-1ರಿಂದ. ಜಯನಗರ ಬಸವನಗುಡಿಯನ್ನು 3-2ರಿಂದ, ಅದೂ ಹೆಚ್ಚುವರಿ ಆಟದಲ್ಲಿ. ಪುಟ್ಟ ಟೇಬಲ್‌ನಲ್ಲಿ ಬಸವನಗುಡಿಗೆ 3 ಮತ್ತು 1, ಒಟ್ಟು 4. ಮಲ್ಲೇಶ್ವರಕ್ಕೆ 3. ಜಯನಗರಕ್ಕೆ 2. ಅಲ್ಲಿಗೆ ಮುಗಿಯಿತು. ಬಸವನಗುಡಿ, ಮಲ್ಲೇಶ್ವರ, ಜಯನಗರ.

ಈಗ ಯಾರಾದರೂ ಬಂದು, 'ಗುರು, ಜಯನಗರ ಲಾಸ್ಟ್ ಟೀಮ್‌ಗೆ 8-0 ಹೊಡೆದಿದೆ, ಅದು ಹೆಂಗೆ ಮೂರನೇದು?' ಅಂತ ಜಗಳ ತೆಗೆಯುತ್ತಾರೆ. ತೆಗೆಯಲಿ. ಆ ಎಂಟು ಗೋಲು ದೊಡ್ಡ ಟೇಬಲ್‌ನದು, ಇಲ್ಲಿ ಅದಕ್ಕೆ ಬೆಲೆಯಿಲ್ಲ. ಬಡಪಾಯಿ ತಂಡವೊಂದನ್ನು ಚಚ್ಚಿ ಮೇಲೇರುವುದಕ್ಕಿಂತ ಸಮಬಲದವರನ್ನು ಸೋಲಿಸುವುದು ದೊಡ್ಡದು ಅನ್ನುವ ನಿಯಮ ಇದು. ನನ್ನ ಮಟ್ಟಿಗೆ ನೆಟ್ ರನ್ ರೇಟ್‌ಗಿಂತ ನ್ಯಾಯವಾದ ಲೆಕ್ಕ.

ಇನ್ನೊಂದು ಸಂದರ್ಭ ನೋಡಿ. ಬಹಳ ಜನ ಜಾರುವುದು ಇಲ್ಲೇ. ಮೂರೂ ಪಂದ್ಯ 60 ನಿಮಿಷದಲ್ಲೇ ಮುಗಿದಿವೆ: ಮಲ್ಲೇಶ್ವರ ಜಯನಗರವನ್ನು 3-2ರಿಂದ, ಜಯನಗರ ಬಸವನಗುಡಿಯನ್ನು 3-2ರಿಂದ, ಬಸವನಗುಡಿ ಮಲ್ಲೇಶ್ವರವನ್ನು 2-1ರಿಂದ ಸೋಲಿಸಿವೆ. ಎಲ್ಲರಿಗೂ 3 ಪಾಯಿಂಟ್. ಗೋಲಿನ ವ್ಯತ್ಯಾಸ ಎಲ್ಲರಿಗೂ ಸೊನ್ನೆ. ಹೊಡೆದ ಗೋಲು ಜಯನಗರಕ್ಕೆ 5, ಉಳಿದಿಬ್ಬರಿಗೆ ನಾಲ್ಕು ನಾಲ್ಕು. ಜಯನಗರ ಮೊದಲನೆಯದು, ಅದು ಸರಿ. ಉಳಿದ ಇಬ್ಬರ ಗತಿ?

ಇಲ್ಲಿ ಜನ ಮುಂದಿನ ನಿಯಮ ಹುಡುಕಲು ಹೋಗುತ್ತಾರೆ, ಇಲ್ಲವೇ ಇಡೀ ಟೂರ್ನಿಯ ಗೋಲು ಎಣಿಸಲು ಕೂರುತ್ತಾರೆ. ಎರಡೂ ಬೇಡ. ಎರಡೇ ತಂಡ ಉಳಿದ ಕ್ಷಣಕ್ಕೆ ಎರಡು ತಂಡದ ನಿಯಮ ವಾಪಸ್ ಬರುತ್ತದೆ. ಅವರಿಬ್ಬರ ಪಂದ್ಯದಲ್ಲಿ ಗೆದ್ದಿದ್ದು ಬಸವನಗುಡಿ. ಅದೇ ಎರಡನೆಯದು. ಯಾವ ಮೆಟ್ಟಿಲಲ್ಲೇ ಆಗಲಿ, ಇಬ್ಬರು ಉಳಿದರೆ ನೇರ ಪಂದ್ಯಕ್ಕೆ ಹಿಂತಿರುಗಿ. ಹಾಳೆಯ ತಲೆಯ ಮೇಲೆ ಇದನ್ನು ಕೆಂಪು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ಸ್ಕೋರ್ ತೋರಿಸುವ ಎಷ್ಟೋ ಆ್ಯಪ್‌ಗಳು ಟೂರ್ನಿ ನಡುವೆ ತಂಡಗಳನ್ನು ಒಟ್ಟು ಗೋಲು ವ್ಯತ್ಯಾಸದ ಮೇಲೆ ಜೋಡಿಸಿ ತೋರಿಸುತ್ತವೆ. ಅದನ್ನು ನಂಬಿ ಸಮೋಸ ಬೆಟ್ ಕಟ್ಟಬೇಡಿ.

ಹೊಡೆದ ಗೋಲೂ ಮೂವರಿಗೆ ಸಮ ಆದರೆ? ಆಗ ಪುಟ್ಟ ಟೇಬಲ್‌ನ ಹೊರಗಿರುವ ತಂಡಗಳಲ್ಲಿ ಮೇಲಿನ ಸ್ಥಾನದ, ಇವರಿಗೆ ಹತ್ತಿರದ ತಂಡದ ಎದುರು ಯಾರು ಹೇಗೆ ಆಡಿದರು ನೋಡುತ್ತಾರೆ, ಆಮೇಲೆ ಅದರ ನಂತರದ ತಂಡದ ಎದುರು. ಅಲ್ಲೂ ಬಗೆಹರಿಯದಿದ್ದರೆ ಟೂರ್ನಿಗೆ ಮುಂಚಿನ ರ‍್ಯಾಂಕಿಂಗ್. ಅಲ್ಲಿಯವರೆಗೆ ಹೋಗುವುದು ತೀರಾ ಅಪರೂಪ.

ಹಂತ 8: ಕೊನೆಯ ದಿನ ಗೋಲ್‌ಕೀಪರ್ ಮೇಲೆ ಕಣ್ಣಿಡಿ

ಆವತ್ತಿನ ಪಂದ್ಯಕ್ಕೆ ಮುಂಚೆ ಪ್ರತಿ ತಂಡಕ್ಕೂ 3, 2, 1, 0 ಸಿಕ್ಕರೆ ಏನಾಗುತ್ತದೆ ಅಂತ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಆಗ ಮೈದಾನದಲ್ಲಿ ನಡೆಯುವುದು ಅರ್ಥವಾಗುತ್ತದೆ. 2-2 ಇದೆ, ಇನ್ನೆರಡು ನಿಮಿಷ ಬಾಕಿ. ಇದ್ದಕ್ಕಿದ್ದಂತೆ ಒಂದು ತಂಡದ ಗೋಲ್‌ಕೀಪರ್ ತನ್ನ ದೊಡ್ಡ ಪ್ಯಾಡ್‌ಗಳ ಸಮೇತ ಬೆಂಚಿನ ಕಡೆ ಓಡುತ್ತಾನೆ. ಅವನು ಗೋಡೆ ಮುಟ್ಟುವಷ್ಟರಲ್ಲಿ ಆರನೇ ಆಟಗಾರ ಬೇಲಿ ಹಾರಿ ಮಂಜಿನ ಮೇಲಿರುತ್ತಾನೆ. ಹಿಂದೆ ಗೋಲು ಖಾಲಿ! ಸೋಲುತ್ತಿರುವ ತಂಡ ಹೀಗೆ ಮಾಡುವುದು ಮಾಮೂಲು. ಸಮ ಇದ್ದಾಗಲೂ ಯಾಕೆ? ಹೆಚ್ಚುವರಿ ಆಟದಲ್ಲಿ ಸಿಗುವ 2 ಪಾಯಿಂಟ್ ಆ ತಂಡಕ್ಕೆ ಸಾಲದು. 3 ಸಿಗದಿದ್ದರೆ ಹೇಗಿದ್ದರೂ ಮನೆಗೆ. ನಿಮ್ಮ ನಾಲ್ಕು ಸಾಲಿನ ಚೀಟಿ ಕೈಯಲ್ಲಿದ್ದರೆ ಇದನ್ನು ಮೊದಲೇ ಹೇಳಿ ಪಕ್ಕದವರನ್ನು ಬೆರಗುಗೊಳಿಸಬಹುದು.

ಟೇಬಲ್‌ನ ಕೆಳಭಾಗವನ್ನೂ ನೋಡಿ. ಏಳನೆಯದು ಮತ್ತು ಎಂಟನೆಯದರ ಜಗಳ ಎಷ್ಟೋ ಸಲ ಮೇಲಿನದಕ್ಕಿಂತ ರೋಚಕ. ಕೆಳಗಿಳಿದರೆ ಮತ್ತೆ ಮೇಲೆ ಬರಲು ವರ್ಷಗಳೇ ಹಿಡಿಯಬಹುದು. ಅಲ್ಲೂ ಸಮ ಆದರೆ ಹಂತ 7ರ ನಿಯಮವೇ.

ಹಂತ 9: ಕ್ವಾರ್ಟರ್ ಫೈನಲ್ ಜೋಡಿ

ಒಂದು ಗುಂಪಿನ ಮೊದಲನೆಯದಕ್ಕೆ ಇನ್ನೊಂದು ಗುಂಪಿನ ನಾಲ್ಕನೆಯದು, ಎರಡನೆಯದಕ್ಕೆ ಮೂರನೆಯದು. ಅಷ್ಟೇ.

ಬೇರೆ ಟೂರ್ನಿಗೆ ಇದೇ ಹಾಳೆ ಬಳಸುವ ಮುಂಚೆ

2025ರ ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 10 ತಂಡ, ಐದೈದರ ಎರಡು ಗುಂಪು ಇದ್ದವು. ಗುಂಪುಗಳು ಸಮಬಲದವಾಗಿರಲಿಲ್ಲ. ರ‍್ಯಾಂಕಿಂಗ್‌ನಲ್ಲಿ ಮೇಲಿದ್ದ ಐದೂ ಎ ಗುಂಪಿನಲ್ಲಿ, ಉಳಿದವು ಬಿ ಗುಂಪಿನಲ್ಲಿದ್ದವು. ಎ ಗುಂಪಿನ ಐದೂ ತಂಡ ಕ್ವಾರ್ಟರ್ ಫೈನಲ್‌ಗೆ ಹೋದವು, ಬಿ ಗುಂಪಿನಿಂದ ಮೂರು. ಅಂಥ ಮಾದರಿಯಿದ್ದರೆ ಎ ಗುಂಪಿನಲ್ಲಿ ಎಲ್ಲ ಪಂದ್ಯ ಸೋತ ತಂಡದ ಹೆಸರನ್ನು ಹೊಡೆದುಹಾಕುವ ಮುಂಚೆ ಇದು ನೆನಪಿರಲಿ.

ಪುರುಷರ ಒಲಿಂಪಿಕ್ಸ್‌ನಲ್ಲಿ 12 ತಂಡ, ನಾಲ್ಕು ನಾಲ್ಕರ ಮೂರು ಗುಂಪು. ಗುಂಪು ಹಂತದಲ್ಲಿ ಯಾರೂ ಹೊರಬೀಳುವುದಿಲ್ಲ. ಮೂರು ಗುಂಪಿನ ಅಗ್ರರು ಮತ್ತು ಎರಡನೇ ಸ್ಥಾನದವರಲ್ಲಿ ಅತ್ಯುತ್ತಮರಾದ ಒಬ್ಬರು ನೇರ ಕ್ವಾರ್ಟರ್ ಫೈನಲ್‌ಗೆ. ಉಳಿದ ಎಂಟು ತಂಡ ಒಂದು ಹೆಚ್ಚಿನ ನಾಕೌಟ್ ಪಂದ್ಯ ಆಡಿ ಬರಬೇಕು. ಆ ಅತ್ಯುತ್ತಮ ಎರಡನೆಯವರನ್ನು ಆರಿಸುವಾಗ ಮಾತ್ರ ನಿಮ್ಮ ಐಪಿಎಲ್ ಬುದ್ಧಿ ಉಪಯೋಗಕ್ಕೆ ಬರುತ್ತದೆ. ಬೇರೆ ಬೇರೆ ಗುಂಪಿನ ತಂಡಗಳು ಪರಸ್ಪರ ಆಡಿರುವುದಿಲ್ಲವಲ್ಲ. ಅದಕ್ಕೆ ಪಾಯಿಂಟ್, ಆಮೇಲೆ ಗುಂಪಿನ ಎಲ್ಲ ಪಂದ್ಯಗಳ ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲು. ಆ 8-0 ಗೆಲುವು ಇಲ್ಲಿ ಕೆಲಸಕ್ಕೆ ಬರುತ್ತದೆ.