ಉಜನಿ ಹಿನ್ನೀರಿನಲ್ಲಿ ಬೆಳಗಿನ ಗಾಳ: ಪುಣೆಯಿಂದ ಹೊರಡುವವರಿಗೆ

ನಮ್ಮೂರು ಇಂಡಿ ತಾಲ್ಲೂಕಿನ ಭೀಮಾ ದಂಡೆಯದು, ಕೆಲಸ ಪುಣೆಯಲ್ಲಿ, ಮನೆ ಹಡಪ್ಸರದಲ್ಲಿ. ಊರಲ್ಲಿ ಚಿಕ್ಕಂದಿನಿಂದ ಯಾವ ನೀರಿಗೆ ಗಾಳ ಹಾಕಿದ್ದೆನೋ ಅದೇ ನೀರು ಇಲ್ಲಿ ಉಜನಿ ಅಣೆಕಟ್ಟಿನಲ್ಲಿ ನಿಂತು, ಪಂಢರಪುರ ದಾಟಿ, ಆಮೇಲೆ ನಮ್ಮ ಕಡೆ ಬರುತ್ತದೆ. ಹಾಗಾಗಿ ಈ ಹಿನ್ನೀರು ಅಂದರೆ ನನಗೆ ಜಾಸ್ತಿ ಪ್ರೀತಿ. ನಮ್ಮ ಕಡೆಯ ಸುಮಾರು ಜನ ನನ್ನನ್ನು ಕೇಳುತ್ತಾರೆ, ಒಂದು ಬೆಳಗ್ಗೆ ದೋಣಿ ಮಾಡಿಕೊಂಡು ಮೀನು ಹಿಡಿಯೋಕೆ ಹೋಗಬೇಕು, ಹೇಗೆ ಅಂತ. ಅವರಿಗೆಲ್ಲ ಒಂದೇ ಸಲ ಹೇಳಿಬಿಡೋಣ ಅಂತ ಇದನ್ನು ಬರೆದಿದ್ದೇನೆ.

ಪುಣೆಯಿಂದ ಸೋಲಾಪುರ ರಸ್ತೆಯಲ್ಲಿ ಭಿಗವಣ ಸುಮಾರು 100 ಕಿಲೋಮೀಟರ್, ಎರಡು ತಾಸಿನ ದಾರಿ. ಅಲ್ಲಿಂದ ಕುಂಭಾರಗಾಂವ್, ಡಿಕ್ಸಳ್ ಕಡೆ ಇಳಿದರೆ ನೀರು. ಚಳಿಗಾಲದಲ್ಲಿ ಫ್ಲೆಮಿಂಗೋ ಹಕ್ಕಿ ನೋಡೋಕೆ ಜನ ಬರುತ್ತಾರಲ್ಲ, ಆ ದೋಣಿ ನಡೆಸುವವರಲ್ಲಿ ಸುಮಾರು ಜನ ಮೀನುಗಾರರೇ. ಹಕ್ಕಿ ತೋರಿಸುವುದು ಒಂದು ಹಂಗಾಮಿನ ಕೆಲಸ, ಬಲೆ ವರ್ಷಪೂರ್ತಿ. ನಿಮಗೆ ಬೇಕಾದದ್ದು ಅಂಥ ಅಂಬಿಗ.

ಅರ್ಧ ಕೆಲಸ ಮುಂಚಿನ ದಿನ ಫೋನಿನಲ್ಲೇ ಆಗಬೇಕು. ಹಕ್ಕಿ ನೋಡೋಕಲ್ಲ, ಗಾಳ ಹಾಕೋಕೆ ಬರುತ್ತೇವೆ ಅಂತ ಮೊದಲೇ ಹೇಳಿ. ಮೀನು ಹಿಡಿಯುವ ಲೈಸೆನ್ಸ್ ಅವರ ಹತ್ತಿರ ಇದೆಯಾ, ಹೊರಗಿನವರು ಗಾಳ ಹಾಕಿದರೆ ಊರಿನ ಮೀನುಗಾರರ ತಕರಾರು ಇಲ್ಲವಾ, ಎಷ್ಟು ತಾಸು, ಎಷ್ಟು ದುಡ್ಡು, ಸಿಕ್ಕ ಮೀನು ಯಾರಿಗೆ, ಎಲ್ಲ ಕೇಳಿ. ಈ ಕೊನೆಯ ಮಾತನ್ನು ಮರೆತು ದಂಡೆಗೆ ಬಂದ ಮೇಲೆ ಮುಖ ಸಣ್ಣ ಮಾಡಿಕೊಂಡವರನ್ನು ನೋಡಿದ್ದೇನೆ. ಆಮೇಲೆ ಲೈಫ್ ಜಾಕೆಟ್. ಎಷ್ಟು ಜನ ಬರುತ್ತೀರೋ ಅಷ್ಟು ಜಾಕೆಟ್ ಇದ್ದರೆ ಮಾತ್ರ ಹೂಂ ಅನ್ನಿ. 2024ರ ಮೇ ತಿಂಗಳಲ್ಲಿ ಇದೇ ಹಿನ್ನೀರಿನಲ್ಲಿ, ಕುಗಾಂವ್‌ನಿಂದ ಕಳಾಶಿ ಕಡೆ ಹೊರಟ ದೋಣಿ ಸಂಜೆಯ ಬಿರುಗಾಳಿಗೆ ಮಗುಚಿ ಆರು ಜನ ತೀರಿಕೊಂಡರು. ಈಜು ಬರುತ್ತದೆ ಅನ್ನುವ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೆಳಗೆ ಮುಳುಗಿದ ಜಾಲಿಗಿಡಗಳಿವೆ, ಹಳೆಯ ಬಲೆಗಳಿವೆ. ಹಾಕಿಕೊಂಡ ಜಾಕೆಟನ್ನು ದಂಡೆಗೆ ಬರುವ ತನಕ ತೆಗೆಯಬೇಡಿ.

ಮರಾಠಿ ಬರದಿದ್ದರೂ ನಡೆಯುತ್ತದೆ. ನಮ್ಮ ಗಾಳ ಅವರ ಬಾಯಲ್ಲಿ ‘ಗಳ’, ದೋಣಿ ‘ಹೋಡಿ’, ಎರೆಹುಳು ‘ಗಾಂಡೂಳ’. ನಾವು ಜಿಲೇಬಿ ಅನ್ನುವ ಮೀನು ಅಲ್ಲಿ ‘ಚಿಲಾಪಿ’, ಅಂದರೆ ತಿಲಾಪಿಯಾ, ಉಜನಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಗುವುದು ಅದೇ. ಕೊರವ ಮೀನಿಗೆ ‘ಮರಳ’ ಅನ್ನುತ್ತಾರೆ. ಕಾಟ್ಲಾ, ರೋಹು ಎಲ್ಲಾ ಕಡೆ ಅದೇ ಹೆಸರು. ಅಂಬಿಗನನ್ನು ದಾದಾ ಅನ್ನಿ, ವಯಸ್ಸಾದವರಾದರೆ ಕಾಕಾ.

ಈಗ ಹೊತ್ತಿನ ಮಾತು. ಎಲ್ಲರೂ ಎಡವುವುದು ಇಲ್ಲೇ.

ನಸುಕಿನಲ್ಲಿ ದಂಡೆಗೆ ಬಂದು ನೋಡಿದರೆ ಮೀನುಗಳು ಮೇಲೆ ಬಂದು ಪಚ್ ಪಚ್ ಅಂತ ಬಾಯಿ ತೆರೆಯುತ್ತಿರುತ್ತವೆ. ಹೊಸಬರಿಗೆ ಅದನ್ನು ಕಂಡು ಖುಷಿಯೋ ಖುಷಿ, ಲಗುಬಗೆಯಿಂದ ಗಾಳ ಹಾಕುತ್ತಾರೆ, ಒಂದು ತಾಸು ಕೂತರೂ ಒಂದೂ ಕಚ್ಚುವುದಿಲ್ಲ. ಅವು ಮೇಲೆ ಬಂದದ್ದು ಹಸಿವಿಗಲ್ಲ, ಉಸಿರಿಗೆ. ಪುಣೆಯ ಕೊಳಚೆ ಮುಳಾ-ಮುಠಾ ನದಿಯಲ್ಲಿ ಇಳಿದು ಭೀಮೆಗೆ ಸೇರಿ ಇಲ್ಲಿಗೇ ಬರುವುದರಿಂದ ಈ ನೀರಿನಲ್ಲಿ ಪಾಚಿ ವಿಪರೀತ. ಹಗಲು ಬಿಸಿಲಿದ್ದಾಗ ಪಾಚಿ ನೀರಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿಯಾದರೆ ತಾನೇ ಅದನ್ನು ಎಳೆದುಕೊಳ್ಳುತ್ತದೆ. ಹೀಗಾಗಿ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ. ಉಸಿರಿಗೇ ಪರದಾಡುವ ಮೀನು ತಿನ್ನುವುದೆಲ್ಲಿ ಬಂತು? ಬಿಸಿಲು ನೀರಿಗೆ ಬಿದ್ದು ಸ್ವಲ್ಪ ಹೊತ್ತಾಗಲಿ, ಆಮೇಲೆ ನೋಡಿ. ಡಿಸೆಂಬರ್‌ನಲ್ಲಿ ಇನ್ನೂ ತಡ, ಯಾಕೆಂದರೆ ಜಿಲೇಬಿ ಬೆಚ್ಚಗಿನ ನೀರಿನ ಮೀನು, ಥಂಡಿಗೆ ಮಂಕಾಗುತ್ತದೆ, ಎಂಟೂವರೆ ತನಕ ಸುಮ್ನೆ ಚಹಾ ಕುಡಿಯುತ್ತಾ ಕೂತರೂ ನಷ್ಟವಿಲ್ಲ. ಮಾರ್ಚ್ ಬಂತೆಂದರೆ ಏಳಕ್ಕೇ ಶುರು. ಹನ್ನೊಂದರ ಸುಮಾರಿಗೆ ಗಾಳಿ ಏಳುತ್ತದೆ, ಅಷ್ಟು ಅಗಲದ ನೀರಿನಲ್ಲಿ ಅಲೆ ಎದ್ದರೆ ಗಾಳದ ದಾರಕ್ಕೆ ಕಟ್ಟಿದ ತೇಲುವ ಬೆಂಡು ಕಾಣುವುದಿಲ್ಲ, ದೋಣಿಯೂ ನಿಲ್ಲುವುದಿಲ್ಲ. ಹಾಗಾದರೆ ನಿಮಗೆ ಸಿಗುವುದು ಚಳಿಗಾಲದಲ್ಲಿ ಎರಡೂವರೆ ತಾಸು, ಮಾರ್ಚ್‌ನಲ್ಲಿ ನಾಲ್ಕು ತಾಸು ಮಾತ್ರ. ಮಳೆಗಾಲದಲ್ಲಿ ಹೋಗಲೇಬೇಡಿ, ಕೆಂಪು ನೀರು, ಸೆಳೆತ, ಮೀನು ಮೊಟ್ಟೆಯಿಡುವ ಕಾಲವೂ ಅದೇ.

ಸಾಮಾನಿಗೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ಏಳು ಅಡಿಯ ಒಂದು ಸಾದಾ ರಾಡು, ಸಣ್ಣ ರೀಲು, ಕಾಲು ಮಿಲಿಮೀಟರ್ ದಪ್ಪದ ನೈಲಾನ್ ದಾರ ಸಾಕು. ಜಿಲೇಬಿಯ ಬಾಯಿ ಸಣ್ಣದು, 8 ಅಥವಾ 10ನೇ ನಂಬರಿನ ಕೊಕ್ಕೆ ತನ್ನಿ. ನಂಬರ್ ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು, ಅಂಗಡಿಯಲ್ಲಿ ಇದು ಉಲ್ಟಾ ಆಗಿ ದೊಡ್ಡ ಕೊಕ್ಕೆ ತಂದವರಿದ್ದಾರೆ. ಬೆಂಡಿಗೆ ನಾನು ಈಗಲೂ ಒಣಗಿದ ಜೋಳದ ದಂಟಿನ ತಿರುಳನ್ನೇ ಬಳಸುತ್ತೇನೆ, ಕಿರುಬೆರಳಿನಷ್ಟು ಉದ್ದ. ಅದಕ್ಕೆ ಎಷ್ಟು ಸೀಸ ಕಟ್ಟಬೇಕು ಅಂದರೆ ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಕಾಣಬೇಕು. ಮುಕ್ಕಾಲು ಬೆಂಡು ಮೇಲೆ ತೇಲುತ್ತಿದ್ದರೆ ಮೀನಿಗೆ ಎಳೆಯುವಾಗ ಭಾರ ಗೊತ್ತಾಗಿ ಉಗುಳಿಬಿಡುತ್ತದೆ.

ಜಿಲೇಬಿಗೆ ಎರೆಹುಳು. ಇಡೀ ಹುಳು ಬೇಡ, ಒಂದು ಅಂಗುಲದ ತುಂಡು, ಕಾಲುಚೀಲ ಹಾಕಿದ ಹಾಗೆ ಕೊಕ್ಕೆಗೆ ಏರಿಸಿ, ತುದಿ ಸ್ವಲ್ಪ ಜೋಲಾಡಲಿ. ಬಾಲ ಉದ್ದ ಬಿಟ್ಟರೆ ಮೀನು ಬಾಲವನ್ನಷ್ಟೇ ಕಿತ್ತುಕೊಂಡು ಹೋಗುತ್ತದೆ. ರೋಹು, ಕಾಟ್ಲಾ ಬೇಕು ಅನ್ನುವವರು ಗೋದಿ ಕಣಕಕ್ಕೆ ಶೇಂಗಾ ಹಿಂಡಿ ಪುಡಿ ಸೇರಿಸಿ, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಒಂದು ಚೂರು ಹತ್ತಿಯನ್ನು ಬಿಡಿಸಿ ಅದರಲ್ಲೇ ಕಲಸಿಬಿಟ್ಟರೆ ನೀರಿನಲ್ಲಿ ಬೇಗ ಕರಗುವುದಿಲ್ಲ. ಆದರೆ ಮೊದಲ ಸಲ ಹೋಗುವವರು ಜಿಲೇಬಿಗೇ ಕೂತುಕೊಳ್ಳಿ. ಕಾಟ್ಲಾ ಕಾಯಿಸುತ್ತದೆ, ಮಕ್ಕಳು ಜೊತೆಗಿದ್ದರೆ ಬೇಸರ ಮಾಡಿಕೊಳ್ಳುತ್ತಾರೆ.

ದೋಣಿ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಪೂರಾ ಅಂಬಿಗನಿಗೆ ಬಿಡಿ, ಇದು ನನ್ನ ಗಟ್ಟಿ ಅಭಿಪ್ರಾಯ. 1980ರಲ್ಲಿ ಅಣೆಕಟ್ಟು ಮುಗಿದಾಗ ಕೆಳಗೆ ಹೋದದ್ದು ಬರೀ ನದೀಪಾತ್ರವಲ್ಲ, ಹೊಲ, ಬದು, ಬಾವಿ, ಊರು ಎಲ್ಲ. ಪಳಸದೇವದ ಹಳೆಯ ಗುಡಿ ಈಗಲೂ ನೀರು ಇಳಿದ ಬೇಸಿಗೆಯಲ್ಲಿ ಹೊರಗೆ ಬರುತ್ತದೆ. ಒಂದು ಸಲ ನಾನು, ಇಲ್ಲಿ ನೀರು ಶಾಂತವಾಗಿದೆ, ಇಲ್ಲೇ ನಿಲ್ಲಿಸಿ ದಾದಾ ಅಂದೆ. ಅವರು ತಲೆ ಅಲ್ಲಾಡಿಸಿ, ದೂರದ ಒಂದು ಬೇವಿನ ಮರಕ್ಕೂ ನೀರಿನ ಟಾಕಿಗೂ ಗೆರೆ ಹಿಡಿದ ಹಾಗೆ ನೋಡಿ, ಇನ್ನೊಂದು ನೂರು ಮಾರು ಮುಂದೆ ಹೋಗಿ ಕಲ್ಲು ಇಳಿಸಿದರು. ಇಲ್ಲಿ ನಮ್ಮಜ್ಜನ ಹೊಲದ ಬದು ಇತ್ತು ಅಂದರು. ಮೀನು ಅದೇ ಬದುವಿನ ಅಂಚಿನಲ್ಲಿತ್ತು, ಬಯಲಾದ ಕಡೆ ಒಂದೂ ಇರಲಿಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿ, ಥರ್ಮಾಕೋಲ್ ತುಂಡು ಸಾಲಾಗಿ ತೇಲುವುದು ಕಂಡರೆ ಅದರ ಕೆಳಗೆ ಯಾರದೋ ಬಲೆ ಇದೆ, ಅದರ ಮೇಲೆ ದಾರ ಎಸೆಯಬೇಡಿ. ಕೊಕ್ಕೆ ಸಿಕ್ಕಿ ಬಲೆ ಹರಿದರೆ ಅವರ ಅಂದಿನ ಊಟಕ್ಕೆ ಕಲ್ಲು.

ಜಿಲೇಬಿ ಕಚ್ಚುವಾಗ ಬೆಂಡು ಮೊದಲು ಎರಡು-ಮೂರು ಸಲ ಸಣ್ಣಗೆ ಮಿಡುಕುತ್ತದೆ. ಆಗ ಎಳೆಯಬೇಡಿ. ಆಮೇಲೆ ಬೆಂಡು ಪಕ್ಕಕ್ಕೆ ಜಾರುತ್ತದೆ ಅಥವಾ ಓರೆಯಾಗಿ ಒಳಗೆ ಹೋಗುತ್ತದೆ, ಆಗ ಮಣಿಕಟ್ಟಿನಿಂದಷ್ಟೇ ಒಂದು ಸಣ್ಣ ಜಗ್ಗು. ಹೊಸಬರು ಭುಜದಿಂದ ಎಳೆಯುತ್ತಾರೆ, ಮೀನಿನ ತುಟಿ ಹರಿದು ಕೊಕ್ಕೆ ಖಾಲಿ ಬರುತ್ತದೆ, ಹಿಂದೆ ಕೂತವರ ಕಿವಿಗೂ ಅಪಾಯ. ದೋಣಿಯಲ್ಲಿ ಎದ್ದು ನಿಲ್ಲುವುದಂತೂ ಬೇಡವೇ ಬೇಡ.

ಮೀನು ಕೈಗೆ ಬಂದಾಗ ಒಂದು ಎಚ್ಚರ. ಜಿಲೇಬಿಯ ಬೆನ್ನ ರೆಕ್ಕೆಯಲ್ಲಿ ಸೂಜಿಯಂಥ ಮುಳ್ಳುಗಳ ಸಾಲಿದೆ. ಕೈ ಒದ್ದೆ ಮಾಡಿಕೊಂಡು, ತಲೆಯ ಕಡೆಯಿಂದ ಬಾಲದ ಕಡೆಗೆ ಅಂಗೈ ಸವರುತ್ತಾ ಮುಳ್ಳನ್ನು ಮಲಗಿಸಿ ಹಿಡಿಯಿರಿ. ಬಾಲದ ಕಡೆಯಿಂದ ಹಿಡಿದರೆ ಮುಳ್ಳು ಅಂಗೈಗೆ ನೆಡುತ್ತದೆ, ಎರಡು ದಿನ ನೋವು. ಚುಚ್ಚಿದರೆ ಆ ನೀರಿನಲ್ಲೇ ತೊಳೆಯಬೇಡಿ, ಕುಡಿಯುವ ನೀರು ಮತ್ತು ಸೋಪು ಜೊತೆಗೆ ಇಟ್ಟುಕೊಂಡಿರಿ. ತಿಂಡಿ ತಿನ್ನುವ ಮುಂಚೆಯೂ ಅಷ್ಟೇ.

ಒಮ್ಮೆ ಅಂಗೈಯಗಲದ ಒಂದು ಜಿಲೇಬಿಯ ಕೊಕ್ಕೆ ಬಿಡಿಸುತ್ತಿದ್ದೆ, ಬಾಯಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಣ್ಣುಕಣ್ಣಿನ ಮರಿಗಳು ನನ್ನ ಬೆರಳ ಮೇಲೆ ಸುರಿದವು. ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ದಾದಾ ತಕ್ಷಣ ನನ್ನ ಕೈಯನ್ನೇ ಹಿಡಿದು ನೀರಿನಲ್ಲಿ ಅದ್ದಿದರು, ತಾಯಿ, ಮರಿ ಎರಡೂ ಹೋದವು. ಬಾಯಲ್ಲಿ ಏನಾದರೂ ಕಂಡರೆ ನೀವೂ ಹಾಗೇ ಬಿಟ್ಟುಬಿಡಿ. ಕೊರವದ್ದೂ ಇದೇ ಕಥೆ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಕೆಳಗೆ ತಾಯಿ-ತಂದೆ ಕಾಯುತ್ತಿರುತ್ತವೆ, ಸಿಟ್ಟಿನಿಂದ ಏನು ಹಾಕಿದರೂ ಕಚ್ಚುತ್ತವೆ. ಅಲ್ಲಿ ಗಾಳ ಹಾಕುವುದು ತಪ್ಪು, ದೊಡ್ಡವು ಹೋದರೆ ಅಷ್ಟೂ ಮರಿಗಳು ಬೇರೆ ಮೀನಿನ ಪಾಲು.

ಮುಂಬೈಯಲ್ಲಿರುವ ನಮ್ಮವರು ಪವಾಯಿ ಕೆರೆಯ ಬಗ್ಗೆ ಕೇಳುತ್ತಾರೆ. 1891ರ ಹಳೆಯ ಕೆರೆ ಅದು, ಗಾಳದವರ ಸಂಘವೇ ಅಲ್ಲಿದೆ, ಅವರ ಅನುಮತಿ ತೆಗೆದುಕೊಳ್ಳಬೇಕು. ಮೊಸಳೆಗಳೂ ಇವೆ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಸಂಘದವರನ್ನೇ ಕೇಳಿ.

ವಾಪಸ್ ಹೊರಡುವಾಗ ಕತ್ತರಿಸಿ ಬಿಸಾಡಿದ ದಾರದ ಚೂರುಗಳನ್ನೆಲ್ಲ ಆರಿಸಿ ಒಂದು ಖಾಲಿ ಬಾಟಲಿಗೆ ತುಂಬಿಕೊಳ್ಳಿ, ನೀರಲ್ಲಿ ಬಿಟ್ಟರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಮನೆಗೆ ಬೇಕಾದಷ್ಟೇ ಮೀನು ಇಟ್ಟುಕೊಂಡು ದಂಡೆಯಲ್ಲೇ ಹೊಟ್ಟೆ, ಕಿವಿರು ತೆಗೆಸಿ, ಡಬ್ಬಿಯಲ್ಲಿ ಒಂದು ಪದರ ಐಸು, ಒಂದು ಪದರ ಮೀನು ಹೀಗೆ ಜೋಡಿಸಿ. ಕರಗಿದ ನೀರನ್ನು ಯವತ್ ಹತ್ತಿರ ಒಮ್ಮೆ ನಿಲ್ಲಿಸಿ ಚೆಲ್ಲಿ, ಅದರಲ್ಲೇ ನೆನೆದರೆ ಮೀನು ಮನೆ ಮುಟ್ಟುವುದರೊಳಗೆ ಮೆತ್ತಗಾಗಿರುತ್ತದೆ.