ಹಳೇ ಎಂಎಂ 540ಗೆ ಎಲ್‌ಇಡಿ ಇಂಡಿಕೇಟರ್: ರೆಸಿಸ್ಟರ್ ಇಲ್ಲದೆ ನಾನು ಮಾಡಿದ್ದು

ನನ್ನ ಮಹೀಂದ್ರಾ ಎಂಎಂ 540 ಜೀಪಿನ ಮುಂದಿನ ಇಂಡಿಕೇಟರ್ ಈಗ ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ನೂರು ಹೆಜ್ಜೆ ದೂರಕ್ಕೆ ಕಾಣುತ್ತದೆ. ನಿಮಿಷಕ್ಕೆ 85 ಸಲದ ಆಸುಪಾಸು ಮಿನುಗುತ್ತದೆ. ಎಲ್‌ಇಡಿ ಜೊತೆ ಹೆಚ್ಚು ಕರೆಂಟ್ ಎಳೆಯೋಕೆ ಅಂತ ಹಾಕುವ ರೆಸಿಸ್ಟರ್ ಒಂದೂ ಇಲ್ಲ. ಎರಡು ಮಳೆಗಾಲ ದಾಟಿದೆ. ‘ಹಳೇ ಜೀಪಿಗೆ ಎಲ್‌ಇಡಿ ಆಗಿಬರಲ್ಲ’ ಅಂತ ಚಿತ್ರದುರ್ಗದಿಂದ ದಾವಣಗೆರೆ ತನಕ ನನಗೆ ಹೇಳದವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹೊಲ ಭರಮಸಾಗರದ ಹತ್ತಿರ. ಒಂದು ದಿನ ಹಳ್ಳಿ ರಸ್ತೆಯಲ್ಲಿ ಬಲಕ್ಕೆ ತಿರುಗುವಾಗ ಎದುರಿಗೆ ಬಂದ ಮೆಕ್ಕೆಜೋಳದ ಟ್ರಾಕ್ಟರ್ ಮಾರು ದೂರದಲ್ಲಿ ಬ್ರೇಕ್ ಹಾಕಿ ನಿಂತಿತು. ‘ಇಂಡಿಕೇಟ್ರು ಹಾಕೋದಲ್ವೇನ್ರಿ ಸಾವ್ಕಾರ್ರೆ?’ ಅಂದ ಡ್ರೈವರ್. ಹಾಕೇ ಇದ್ದೆ. ಕೈ ಮಾಡಿ ತೋರಿಸಿದೆ. ಅವನು ಇಳಿದು, ಲೆನ್ಸಿಗೆ ಅಂಗೈ ಮರೆ ಮಾಡಿ ಬಗ್ಗಿ ನೋಡಿದ. ‘ಉರಿತೈತೆ. ಆದ್ರೆ ಕಾಣಲ್ಲ’ ಅಂದ. ಆ ಮಾತು ತಲೆಯಲ್ಲೇ ಉಳಿಯಿತು.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. 250 ರೂಪಾಯಿಗೆ ಒಂದು ಜೊತೆ ಬಿಳಿ ಎಲ್‌ಇಡಿ ತಂದು ಮುಂದಿನ ಹೋಲ್ಡರಿಗೆ ಹಾಕಿದೆ. ಎರಡು ತಪ್ಪು ಒಟ್ಟಿಗೆ ಆದವು. ಒಂದು, ಕಿತ್ತಳೆ ಲೆನ್ಸ್ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಬಣ್ಣ ಪೇಲವ. ಬಿಸಿಲಲ್ಲಿ ಮಜ್ಜಿಗೆ ನೀರಿನ ಹಾಗೆ ಕಾಣುತ್ತದೆ. ಕಿತ್ತಳೆ ಲೆನ್ಸಿಗೆ ಕಿತ್ತಳೆ ಎಲ್‌ಇಡಿಯೇ ಆಗಬೇಕು. ಎರಡು, ಆ ಬಲ್ಬಿನ ಬೆಳಕೆಲ್ಲ ತುದಿಯಿಂದ ಮುಂದಕ್ಕೆ ಮಾತ್ರ. ಬಲ್ಬಿನ ಹಿಂದಿರುವ ರಿಫ್ಲೆಕ್ಟರ್ ಸುಮ್ನೆ ಕೂತಿತ್ತು. ಲೆನ್ಸ್ ನಡುವೆ ಒಂದು ಚುಕ್ಕೆ, ಸುತ್ತ ಕತ್ತಲೆ. ಸುತ್ತಲೂ ಚಿಪ್ (ಬೆಳಕು ಕೊಡುವ ಚೂರು) ಇರುವ ಬಲ್ಬೇ ಬೇಕು ಅಂತ ಅಲ್ಲಿಗೆ ಗೊತ್ತಾಯಿತು.

ಜೊತೆಗೆ ಇಂಡಿಕೇಟರನ್ನು ಮಿನುಗಿಸುವ ಹಳೇ ಡಬ್ಬಿ ಫ್ಲಾಷರ್ ಮುಷ್ಕರ ಹೂಡಿತು. ಎಲ್‌ಇಡಿ ಎಳೆಯುವ ಕರೆಂಟಿಗೆ ಅದರೊಳಗಿನ ಪಟ್ಟಿ ಬಿಸಿಯೇ ಆಗಲ್ಲ. ಲೈಟ್ ಹತ್ತಿ ಹಾಗೇ ನಿಂತುಬಿಟ್ಟಿತು.

ನಮ್ಮೂರಿನ ಎಲೆಕ್ಟ್ರಿಷಿಯನ್ ಹೇಳಿದ್ದು ಒಂದೇ ಮಾತು: ‘ಅಣ್ಣಾ, ರೆಸಿಸ್ಟರ್ ಹಾಕ್ಲೇಬೇಕು. ಇಲ್ಲಾಂದ್ರೆ ಹಳೇ ಬಲ್ಬೇ ಇಟ್ಕೊಳ್ರಿ.’ ಪೂರ್ತಿ ವೈರಿಂಗ್ ಬದಲಿಸೋಕೆ 4500 ಕೇಳಿದರು. ಬೇಡ ಅಂದು ರೆಸಿಸ್ಟರ್ ಮಾತ್ರ ತಂದೆ. 6 ಓಮ್, 50 ವಾಟ್, ಎರಡಕ್ಕೆ 300 ಕೊಟ್ಟ ನೆನಪು. ಮಿನುಗಿತು, ಸರಿ. ಆದರೆ ಒಂದೊಂದೂ ಎರಡು ಆಂಪಿಯರ್ ನುಂಗುತ್ತದೆ. ಹಳೇ ಬಲ್ಬ್ ಕುಡಿಯುತ್ತಿದ್ದ ಕರೆಂಟನ್ನೇ ಇದೂ ಕುಡಿದು, ಬೆಳಕು ಕೊಡದೆ ಬರೀ ಬಿಸಿ ಮಾಡಿದರೆ ಏನು ಬಂತು? ಒಂದು ದಿನ ಇಂಡಿಕೇಟರ್ ಆಫ್ ಮಾಡೋದು ಮರೆತು ಐದಾರು ಕಿಲೋಮೀಟರ್ ಹೋಗಿದ್ದೆ. ಬಾನೆಟ್ ಎತ್ತಿದಾಗ ಪಕ್ಕದ ವೈರಿನ ಸ್ಲೀವ್ ಕರಗಿ ರೆಸಿಸ್ಟರಿಗೆ ಬೆಲ್ಲದ ಪಾಕದ ಹಾಗೆ ಅಂಟಿತ್ತು. ಅಲ್ಲೇ ಕಿತ್ತೆ.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದೆ. ಹೊಸ ಕಾರುಗಳಲ್ಲಿ ಓಡುವ ಗೆರೆಯ ಹಾಗೆ ಹತ್ತುವ ಪಟ್ಟಿ ಬರುತ್ತಲ್ಲ, ಅದನ್ನು 900 ಕೊಟ್ಟು ತಂದು ಮಡ್‌ಗಾರ್ಡ್ ಅಂಚಿಗೆ ಅಂಟಿಸಿದೆ. ಮೊದಲ ವಾರ ನೋಡೋಕೆ ಚೆನ್ನಾಗಿತ್ತು. ಏಪ್ರಿಲ್ ಬಿಸಿಲಿಗೆ ಗೋಂದು ಇಳಿಯಿತು. ಹೊಲದ ಧೂಳು ಸಂದಿಗೆ ಸೇರಿ ಅರ್ಧ ಎದ್ದು ನೇತಾಡಿತು. ನಮ್ಮ ಸೀಮೆಯ ಬಿಸಿಲಿಗೆ ಅಂಟಿಸುವ ವಸ್ತು ಆಗಲ್ಲ. ಸ್ಕ್ರೂ ಇರಬೇಕು.

ಆಮೇಲೆ ಕೂತು ಮೀಟರ್ ಹಿಡಿದೆ. ಮೊದಲೇ ಹಿಡಿಯಬೇಕಿತ್ತು. ಹಳೇ 21 ವಾಟ್ ಬಲ್ಬ್ ಹಾಕಿಯೇ ನೋಡಿದೆ. ಬ್ಯಾಟರಿಯಲ್ಲಿ 12.5 ವೋಲ್ಟ್, ಎಡ ಬಲ್ಬಿನ ಬುಡದಲ್ಲಿ 10, ಬಲಗಡೆ ಇನ್ನೂ ಕಮ್ಮಿ, 9.4 ಇರಬೇಕು. ಫಿಲಮೆಂಟ್ ಬಲ್ಬಿಗೆ ಎರಡು ವೋಲ್ಟ್ ಕಮ್ಮಿಯಾದರೆ ಬೆಳಕು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಟ್ರಾಕ್ಟರ್ ಡ್ರೈವರ್ ಕಂಡಿದ್ದು ಅದನ್ನೇ. ತಪ್ಪು ಬಲ್ಬಿನದಲ್ಲ, ಅರ್ತಿನದು, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿಯದು. ಲೈಟಿಗೆ ಅರ್ತ್ ಸಿಗೋದು ಮಡ್‌ಗಾರ್ಡ್ ತಗಡಿನಿಂದ. ತಗಡಿಗೆ ಮೂರು ಸಲ ಪೇಂಟ್ ಆಗಿದೆ, ಬೋಲ್ಟ್ ಬುಡದಲ್ಲಿ ತುಕ್ಕು. ಎರಡೂ ಹೋಲ್ಡರಿನ ಮೈಗೆ ಕಪ್ಪು ವೈರ್ ಬೆಸುಗೆ ಹಾಕಿ, ಚಾಸಿಸ್ ಮೇಲೆ ಎಮರಿ ಪೇಪರಿನಿಂದ ಉಜ್ಜಿ ಹೊಳಪು ಬರಿಸಿದ ಜಾಗಕ್ಕೆ ಬಿಗಿದೆ. ಮೇಲೆ ಗ್ರೀಸ್. ಮತ್ತೆ ಅಳೆದರೆ 12ರ ಮೇಲಿತ್ತು. ಖರ್ಚು ನೂರು ರೂಪಾಯಿಯೂ ಇಲ್ಲ. ಎಲ್‌ಇಡಿ ಬೇಡ ಅನ್ನುವವರು ಇಷ್ಟು ಮಾಡಿ ನಿಲ್ಲಿಸಿದರೂ ಸಾಕು.

ನಾನು ನಿಲ್ಲಿಸಲಿಲ್ಲ. ದಾವಣಗೆರೆ ಪಿ.ಬಿ. ರೋಡಿನಲ್ಲಿ ಸುತ್ತಿ ಸುತ್ತಿ, ಸುತ್ತಲೂ ಚಿಪ್ ಇರುವ ಕಿತ್ತಳೆ ಎಲ್‌ಇಡಿ ಒಂದು ಜೊತೆ 700ಕ್ಕೆ, ಮೂರು ಪಿನ್ನಿನ ಎಲೆಕ್ಟ್ರಾನಿಕ್ ಫ್ಲಾಷರ್ 350ಕ್ಕೆ ತಂದೆ. ಬೆಣ್ಣೆ ದೋಸೆ ಲೆಕ್ಕ ಬೇರೆ. ಫ್ಲಾಷರ್ ಹಾಕಿದರೆ ಸತ್ತ ಹಾಗೆ ಕೂತಿತು. ಅಂಗಡಿಗೆ ವಾಪಸ್ ಕೊಡೋಕೆ ಹೊರಟಿದ್ದೆ. ತಿರುಗಿಸಿ ನೋಡಿದರೆ ಬಿ ಮತ್ತು ಎಲ್ ಪಿನ್ ನಮ್ಮ ಸಾಕೆಟ್‌ಗೆ ಅದಲು ಬದಲು. ‘ಬಿ’ಗೆ ಬ್ಯಾಟರಿ, ‘ಎಲ್‌’ಗೆ ಇಂಡಿಕೇಟರ್ ಸ್ವಿಚ್, ‘ಇ’ಗೆ ಅರ್ತ್. ಪಿನ್ ಇರುವ ಜಾಗ ನಂಬಬೇಡಿ, ಬರೆದಿರುವ ಅಕ್ಷರ ನೋಡಿ. ವೈರ್ ಬದಲಿಸಿದ ಕೂಡಲೇ ಟಿಕ್ ಟಿಕ್ ಶುರುವಾಯಿತು. ಮುಂದೆ ಎಲ್‌ಇಡಿ, ಹಿಂದೆ ಹಳೇ ಬಲ್ಬ್, ಆದರೂ ವೇಗ ಒಂದೇ.

ಖುಷಿಯಲ್ಲಿ ಇನ್ನೂ 700 ಕೊಟ್ಟು ಹಿಂದೆಯೂ ಎಲ್‌ಇಡಿ ಹಾಕಿದೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ನಾಲ್ಕೂ ಮಿನುಗಿದವು! ‘ನಾ ಹೇಳ್ಲಿಲ್ವಾ ಅಣ್ಣಾ’ ಅಂದರು ಎಲೆಕ್ಟ್ರಿಷಿಯನ್. ಎರಡು ರಾತ್ರಿ ನಿದ್ದೆ ಇಲ್ಲ. ಕೊನೆಗೆ ಸಿಕ್ಕಿದ್ದು ಡ್ಯಾಶ್‌ಬೋರ್ಡಿನ ಪೈಲಟ್ ಲ್ಯಾಂಪ್, ಇಂಡಿಕೇಟರ್ ಹತ್ತಿದೆ ಅಂತ ತೋರಿಸುವ ಪುಟ್ಟ ದೀಪ. ಎರಡೂ ಕಡೆಗೆ ಒಂದೇ ಪೈಲಟ್ ಇರುವ ಗಾಡಿಯಲ್ಲಿ ಅದರ ಒಂದು ಕಾಲು ಎಡ ವೈರಿಗೆ, ಇನ್ನೊಂದು ಬಲ ವೈರಿಗೆ ಇರುತ್ತದೆ. ಎಡಗಡೆ ಹತ್ತಿದಾಗ ಬಲಗಡೆಯ ಫಿಲಮೆಂಟೇ ಅದಕ್ಕೆ ಅರ್ತ್. ಪೈಲಟ್ ದಾಟಿ ಬರುವ ಚೂರು ಕರೆಂಟಿಗೆ ಫಿಲಮೆಂಟ್ ಹತ್ತಲ್ಲ. ಎಲ್‌ಇಡಿಗೆ ಆ ಚೂರು ಕರೆಂಟೇ ಸಾಕು, ಅದೂ ಹತ್ತಿಬಿಡುತ್ತದೆ.

ಮದ್ದು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು 1ಎನ್4007 ಡಯೋಡ್. ಒಂದೊಂದು ಎರಡು ರೂಪಾಯಿ. ಎಡ ವೈರಿನಿಂದ ಒಂದು, ಬಲ ವೈರಿನಿಂದ ಒಂದು, ಬೆಳ್ಳಿ ಗೆರೆ ಪೈಲಟ್ ಕಡೆಗೆ. ಎರಡನ್ನೂ ಸೇರಿಸಿ ಪೈಲಟ್‌ನ ಒಂದು ಕಾಲಿಗೆ ಕೊಡಿ. ಇನ್ನೊಂದು ಕಾಲು ಅರ್ತಿಗೆ. ಪೈಲಟ್ ಹೋಲ್ಡರಿನ ಮೈ ತಗಡಿಗೆ ತಾಗುತ್ತಾ ಅಂತ ಮೊದಲು ನೋಡಿಕೊಳ್ಳಿ. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಕೀಲಿ ತಿರುಗಿಸಿದೆ. ಎಡ ಅಂದರೆ ಎಡ, ಬಲ ಅಂದರೆ ಬಲ. ಮಗನನ್ನು ಎಬ್ಬಿಸಿ ತೋರಿಸಿದೆ, ರಾತ್ರಿ ಹನ್ನೊಂದಾಗಿತ್ತು.

ಒಟ್ಟು 3500 ಹೋಗಿರಬಹುದು. ಅದರಲ್ಲಿ 1450 ದಂಡ.

ಧೂಳು, ನೀರಿಗೆ ಲೆನ್ಸ್ ಅಡಿ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ದೇನೆ. ಜೋಗಿಮಟ್ಟಿಯ ಗಾಳಿಮಳೆಯಲ್ಲಿ ಅರ್ಧ ದಿನ ನಿಲ್ಲಿಸಿ ಬಂದೆ, ಒಳಗೆ ಹನಿ ಇಲ್ಲ. ಬಲ್ಬನ್ನು ರಿಫ್ಲೆಕ್ಟರಿನ ಸರಿಯಾದ ಆಳಕ್ಕೆ ಕೂರಿಸೋಕೆ ಹೋಲ್ಡರಿಗೆ ಒಂದು ಸಣ್ಣ ಕೆಲಸ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ. ಗಾಡಿ ತಂದು ಎದುರಿಗೆ ನಿಲ್ಲಿಸಿದವರಿಗೆ ತೋರಿಸುತ್ತೇನೆ.

ಹೋದ ತಿಂಗಳು ಅದೇ ಎಲೆಕ್ಟ್ರಿಷಿಯನ್ ಹೊಳಲ್ಕೆರೆ ಕಡೆಯ ಒಂದು ಕಮಾಂಡರ್ ಜೀಪ್ ತಂದಿದ್ದರು. ಅದರಲ್ಲೂ ನಾಲ್ಕೂ ಮಿನುಗುತ್ತಿತ್ತು. ಡಯೋಡ್ ನನ್ನ ಡಬ್ಬಿಯಲ್ಲೇ ಇತ್ತು. ಅರ್ಧ ಗಂಟೆಯ ಕೆಲಸ.